ಮೇಲೆ ನೋಡಬೇಡ

ಜೂನ್ ೪

ಮೇಲ್ಮಹಡಿಯ ಮೂಲೆಕೋಣೆಯಲ್ಲಿ ನೆರೆದಿರುವ ಮಹಾಸಭೆಗೆ ನಮಸ್ಕಾರ. ಮಂಚದ ಮೇಲೆ ಕೂತವರೇ, ನೆಲದ ಮೇಲೆ ಕಾಲು ಚಾಚಿದವರೇ, ಪುಕ್ಕಟೆ ನಾಟಕವೆಂದು ಕಿಟಕಿಯ ಕಟ್ಟೆ ಹತ್ತಿ ಕೂತವರೇ, ಗದ್ದಲ ನಿಲ್ಲಲಿ, ಪರದೆ ಏಳುತ್ತಿದೆ.

ನನ್ನ ಮಗಳಿಗೆ ಬರುವ ಕಾಗದವನ್ನು ಕೊಕ್ಕರೆ ಎಂಬ ಉದ್ದನೆಯ ಹುಡುಗಿ ಮಂಚದ ಮೇಲೆ ನಿಂತು ಓದುತ್ತಾಳೆ, ಉಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ ಎಂಬ ಸುದ್ದಿ ನನಗೆ ಬಂದಿದೆ. ಬೇಜಾರಿಲ್ಲ. ತರಬೇತಿ ಶಿಬಿರದ ಗೇಟಿನಲ್ಲೇ ಫೋನು ಕಿತ್ತಿಟ್ಟುಕೊಂಡ ನಿಮ್ಮ ಕೋಚ್ ಮೇಡಂಗೆ ನಾನು ಋಣಿ. ನನ್ನ ದನಿ ಫೋನಿನೊಳಗೆ ಹಿಡಿಸುವ ದನಿಯಲ್ಲ. ನಾಟಕ ಕಂಪನಿಯಲ್ಲಿ ಪರದೆ ಎಳೆಯುತ್ತಿದ್ದವನ ಮಗ ನಾನು. ರಾಜರ ಅಬ್ಬರವೇ ನನಗೆ ಜೋಗುಳವಾಗಿತ್ತು. ಹೊಟ್ಟೆಪಾಡಿಗೆ ಶಾಲೆಯ ಆಟದ ಮೇಷ್ಟ್ರು, ಬ್ಯಾಸ್ಕೆಟ್‌ಬಾಲ್ ಕೋಚ್.

ಈಗ ಕಥೆಗೆ ಬರೋಣ. ಫೈನಲ್ ಪಂದ್ಯ. ಎದುರಾಳಿಗಳು ಬುಟ್ಟಿಗೆ ಗುರಿಯಿಟ್ಟು ಎಸೆದ ಚೆಂಡು ಕಬ್ಬಿಣದ ಬಳೆಗೆ ಬಡಿದು ಠಣ್ಣೆಂದು ಮೇಲಕ್ಕೆ ಚಿಮ್ಮಿತು. ಅಂಗಳದಲ್ಲಿ ಉಸಿರಿಲ್ಲ. ಆಗ ಆ ಮೊಣಕೈಗಳ ಕಾಡಿನ ನಡುವಿನಿಂದ ಎದ್ದಳು ನೋಡಿ, ನಮ್ಮ ಜಿಂಕೆ. ಎರಡೂ ಕೈ ಮೇಲೆ, ಕಣ್ಣು ಚೆಂಡಿನ ಮೇಲೆ. ಚೆಂಡು ಅವಳನ್ನೇ ಹುಡುಕಿಕೊಂಡು ಬಂದಂತೆ ಬಂದು ಕೈಗೆ ಕೂತಿತು. ಆಯ್ಕೆಗಾರರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಂಥ ಜಿಂಕೆ ಈಗ ನಿಮ್ಮ ನಡುವೆ ಒದ್ದೆ ಟವೆಲ್ ಒಣಹಾಕುತ್ತ ಕೂತಿದೆ, ಅದರ ಬೆಲೆ ತಿಳಿಯಿರಿ.

ಕೊಕ್ಕರೆಯೇ, ನಿನಗೂ ಒಂದು ಪಾಠ. ಎದುರಾಳಿಯ ಗುರಿ ತಪ್ಪಿತೆಂದರೆ ಅಲ್ಲಿಗೆ ಗೆದ್ದೆವು ಎಂದುಕೊಳ್ಳುವವರು ದಡ್ಡರು. ಆ ಚೆಂಡು ನಮ್ಮ ಕೈಗೆ ಬರುವವರೆಗೆ ಕೆಲಸ ಮುಗಿದಿಲ್ಲ. ಮೊದಲು ನಿನ್ನ ಪಾಲಿನ ಎದುರಾಳಿ ಹುಡುಗಿಯನ್ನು ಹುಡುಕು. ಅವಳಿಗೆ ಬೆನ್ನು ಕೊಟ್ಟು, ಮಂಡಿ ಬಗ್ಗಿಸಿ, ಅವಳ ತೊಡೆಯ ಮೇಲೆ ಕೂತವಳ ಹಾಗೆ ಒತ್ತಿ ಹಿಡಿ. ಅವಳು ಒಳಗೆ ಬರಬಾರದು. ಆಮೇಲೆ ಚೆಂಡು. ನಮ್ಮ ಅಂಗಳದಲ್ಲಿ ನಾನು ಇದನ್ನು ಚೆಂಡು ಮುಟ್ಟದ ಆಟವಾಗಿ ಆಡಿಸುತ್ತೇನೆ. ಚೆಂಡು ತಾನಾಗಿ ನೆಲಕ್ಕೆ ಬಿದ್ದು ಪುಟಿಯಬೇಕು, ಅಲ್ಲಿಯವರೆಗೆ ತಡೆದು ನಿಂತವರಿಗೆ ಗೆಲುವು.

ಶಾಲೆಯಲ್ಲಿ ಎಲ್ಲ ಸುಖ. ನಮ್ಮ ತಂಡದ ಗೋಡೆ ಎಂಬ ಗಟ್ಟಿ ಹುಡುಗಿ ಎಂದಿನಂತೆ ಎಲ್ಲರಿಗಿಂತ ಮೊದಲು ಬಂದು ಅಂಗಳ ಗುಡಿಸಿರುತ್ತಾಳೆ. ನಿಮ್ಮಮ್ಮ ನನ್ನ ಹೆಗಲ ಮೇಲಿಂದ ಬಗ್ಗಿ ಈ ಕಾಗದ ಓದಿ, "ಇದು ಮಗಳಿಗೆ ಬರೆದಿದ್ದೋ, ಮೈಕಿಗೋ?" ಅಂದಳು.

ಇಂತಿ ನಿನ್ನ ತಂದೆ, ಗುರು ಮತ್ತು ಏಕೈಕ ಚಪ್ಪಾಳೆಗಾರ,
ಅಪ್ಪ

*

ಜೂನ್ ೧೫

ಅಪ್ಪಾ,

ನಿನ್ನ ಕಾಗದಕ್ಕೆ ಪಕ್ಕದ ಕೋಣೆಯವರೂ ಬಂದಿದ್ದರು. ಕೊಕ್ಕರೆ ನಿನ್ನ ದನಿ ಮಾಡಲು ಹೋಗಿ ಗಂಟಲು ಕಟ್ಟಿಸಿಕೊಂಡಿದ್ದಾಳೆ. ಇದಕ್ಕೆ ಉತ್ತರ ಮಾತ್ರ ನಾನು ಹೊರಗೆ ನೀರಿನ ಟ್ಯಾಂಕಿನ ನೆರಳಲ್ಲಿ ಕೂತು ಬರೆಯುತ್ತಿದ್ದೇನೆ.

ಇಲ್ಲಿ ನನಗೆ ಚೆಂಡು ಸಿಗುತ್ತಿಲ್ಲ. ಸುಳ್ಳಲ್ಲ, ನಿಜವಾಗಿ ಸಿಗುತ್ತಿಲ್ಲ. ಮೇಲೆ ನೋಡುತ್ತೇನೆ, ನೆಗೆಯಲು ಕಾಲು ಎತ್ತುತ್ತೇನೆ, ಅಷ್ಟರಲ್ಲಿ ಯಾರೋ ಹಿಂದಿನಿಂದ ಸೊಂಟಕ್ಕೆ ಕೊಟ್ಟಿರುತ್ತಾರೆ. ಗೆರೆಯಾಚೆ ಬಿದ್ದಿರುತ್ತೇನೆ. ಮೊಣಕೈ ಎರಡೂ ಕಿತ್ತು ಹೋಗಿದೆ. ನಿನ್ನೆ ಮೇಡಂ ಆಟ ನಿಲ್ಲಿಸಿ ಎಲ್ಲರೆದುರು ಕೇಳಿದರು: "ನೀನು ಯಾವತ್ತಾದ್ರೂ ಯಾರನ್ನಾದ್ರೂ ತಡೆದಿದ್ದೀಯಾ?"

ನಾನು ಯೋಚಿಸಿದೆ ಅಪ್ಪ. ತಡೆದಿಲ್ಲ. ನಮ್ಮ ಅಂಗಳದಲ್ಲಿ ನನ್ನ ಹಿಂದೆ ಯಾರೂ ಇರುತ್ತಲೇ ಇರಲಿಲ್ಲ. ಚೆಂಡಿಗೆ ನನ್ನ ಮೇಲೆ ಪ್ರೀತಿ ಎಂದುಕೊಂಡಿದ್ದೆ. ಪ್ರೀತಿಯಲ್ಲ, ಗೋಡೆ. ದಪ್ಪ ದಪ್ಪ ಹುಡುಗಿಯರನ್ನೆಲ್ಲ ಅವಳು ಬೆನ್ನಿನಲ್ಲಿ ಹಿಡಿದು ನಿಂತಿರುತ್ತಿದ್ದಳು, ನಾನು ಖಾಲಿ ಜಾಗದಲ್ಲಿ ನೆಗೆಯುತ್ತಿದ್ದೆ. ಫೈನಲ್ಲಿನ ಆ ಚೆಂಡೂ ಹಾಗೇ. ನಿನಗೆ ಗೊತ್ತಿತ್ತಾ?

ಇನ್ನೊಂದು ವಿಷಯ, ಮುಖ್ಯವಾದದ್ದು. ಒಬ್ಬಳು ಮಂಡಿಗೆ ಪೆಟ್ಟು ಮಾಡಿಕೊಂಡು ಮನೆಗೆ ಹೋದಳು. ಅವಳ ಜಾಗಕ್ಕೆ ಬೇರೆಯವರನ್ನು ನೋಡುತ್ತಾರೆ, ಇಪ್ಪತ್ತೆಂಟಕ್ಕೆ. ಮೈಕೊಟ್ಟು ತಡೆಯುವವರು ಯಾರಾದರೂ ಗೊತ್ತೇ ಎಂದು ಮೇಡಂ ಕೇಳಿದರು. ನಾನು ಗೋಡೆಯ ಬಗ್ಗೆ ಹೇಳಿದೆ. "ಬರೋಕೆ ಹೇಳು" ಅಂದರು. ಅವಳು ಬರಿ ಬೂಟು ತಂದರೆ ಸಾಕು. ಅವಳ ಮನೆಯ ವಿಳಾಸ ನನಗೆ ಸರಿಯಾಗಿ ಗೊತ್ತಿಲ್ಲ, ಲಾಂಡ್ರಿ ಪಕ್ಕದ ಓಣಿ ಅಂತಷ್ಟೇ. ನೀನು ಅವಳನ್ನು ದಿನವೂ ನೋಡುತ್ತೀಯಲ್ಲ, ಹೇಳಿಬಿಡು.

ಅವಳು ಬಂದರೆ ನನ್ನ ಕುರ್ಚಿಯೇ ಅಲ್ಲಾಡೀತು, ನಮ್ಮಿಬ್ಬರದೂ ಒಂದೇ ಜಾಗದ ಆಟ ಎಂದು ಕೊಕ್ಕರೆ ಹೆದರಿಸುತ್ತಾಳೆ. ಅಲ್ಲಾಡಲಿ. ಹೇಳು.

ಅಮ್ಮನಿಗೆ ನನ್ನ ಮೊಣಕೈ ವಿಷಯ ಬೇಡ.

ನಿನ್ನ
ಜಿಂಕೆ

*

ಜೂನ್ ೨೧

ಗಾಯಗೊಂಡ ವೀರರಿಗೂ ಅವರ ಮೊಣಕೈಗಳಿಗೂ ಜಯವಾಗಲಿ.

ಮಗಳೇ, ಎದೆಗುಂದಬೇಡ. ಮೊದಲ ಅಂಕದಲ್ಲಿ ನಾಯಕ ಸೋಲಲೇಬೇಕು. ಇಲ್ಲದಿದ್ದರೆ ಎರಡನೇ ಅಂಕಕ್ಕೆ ಜನ ಕೂರುವುದಿಲ್ಲ. ಕೊಕ್ಕರೆಯನ್ನು ನಿನ್ನ ಹಿಂದೆ ನಿಲ್ಲಿಸಿಕೋ. ಚೆಂಡು ಬೇಡವೇ ಬೇಡ. ಅವಳು ಬುಟ್ಟಿಯ ಕಡೆ ನುಗ್ಗಲಿ, ನೀನು ಬೆನ್ನು ಅಂಟಿಸಿಕೊಂಡೇ ಅವಳು ಹೋದತ್ತ ಸರಿ. ಪಾದ ಅಗಲ, ಮೊಣಕೈ ಹೊರಗೆ. ಅವಳೆಲ್ಲಿದ್ದಾಳೆ ಎಂಬುದನ್ನು ಕಣ್ಣಲ್ಲ, ಬೆನ್ನು ಹೇಳಬೇಕು. ಬೆವರಿಗೆ ಅಂಗಿ ಅಂಟುವವರೆಗೆ ಮಾಡು. ಇದು ಯಾರಿಗೂ ಹುಟ್ಟಿನಿಂದ ಬರುವುದಿಲ್ಲ. ನೀನು ಬೇಗ ಕಲಿಯುತ್ತೀ.

ಇಲ್ಲಿ ಆಟದ ಸಾಮಾನಿನ ಕೋಣೆಯ ಬೀಗ ಕೈಕೊಟ್ಟಿತು. ಹೆಡ್‌ಮೇಷ್ಟ್ರು ಬೀಗ ಒಡೆಯಲು ಸುತ್ತಿಗೆ ತಂದರು, ಸುತ್ತಿಗೆಯ ಹಿಡಿಯೇ ಕಳಚಿ ಗಣಿತದ ಮೇಷ್ಟ್ರ ಟೀ ಲೋಟಕ್ಕೆ ಬಿತ್ತು. ಕೊನೆಗೆ ನೋಡಿದರೆ ಕಿಟಕಿ ತೆರೆದೇ ಇತ್ತು. ಮೂರು ಗಂಡಸರು, ಒಂದು ಬೀಗ, ಹಾಸ್ಯ ನಾಟಕಕ್ಕೆ ಸಾಕು.

ನಿನ್ನ ತಂದೆ,
ಅಪ್ಪ

ಮಗಾ, ಆ ಹುಡುಗಿಯ ವಿಷಯ ನಿಮ್ಮಪ್ಪ ಮೇಲೆ ಬರೆದಿರಬಹುದು. ಕಾಗದ ಮಡಿಸಿಟ್ಟ ಮೇಲೆ ಈ ಸಾಲು ಬರೆಯುತ್ತಿದ್ದೇನೆ, ಹಾಗಾಗಿ ಓದಲಿಲ್ಲ. ಮೊಣಕೈಗೆ ಮುಲಾಮು ಹಚ್ಚಿಕೋ. ನಿನ್ನ ಕಾಗದ ಮೇಜಿನ ಮೇಲೇ ಬಿದ್ದಿತ್ತು. – ಅಮ್ಮ

*

ಜೂನ್ ೨೫

ಅಪ್ಪಾ,

ಬೀಗದ ಕಥೆಗೆ ಎಲ್ಲರೂ ನಕ್ಕರು. ಗೋಡೆಗೆ ಹೇಳಿದೆಯಾ? ನಿನ್ನ ಕಾಗದದಲ್ಲಿ ಎರಡು ಸಲ ಹುಡುಕಿದೆ, ಇಲ್ಲ. ಅಮ್ಮನ ಸಾಲು ಮಾತ್ರ ಇದೆ.

ಇಪ್ಪತ್ತೆಂಟಕ್ಕೆ. ಶನಿವಾರ.

ಜಿಂಕೆ

*

ಜೂನ್ ೨೭

ಮಗಳೇ,

ಹೇಳಿದೆ. ಬರುವುದಿಲ್ಲವಂತೆ. ಅವಳ ಅಮ್ಮನ ಲಾಂಡ್ರಿಯಲ್ಲಿ ಈಗ ಕೆಲಸ ಜಾಸ್ತಿ. ದೂರದ ಊರು, ಗೊತ್ತಿಲ್ಲದ ಜನ, ತನಗೆ ಅದೆಲ್ಲ ಆಗದು ಎಂದಳು. ಒತ್ತಾಯ ಮಾಡುವುದು ನನಗೂ ಸರಿ ಕಾಣಲಿಲ್ಲ.

ನೀನು ನಿನ್ನ ಆಟದ ಕಡೆ ಗಮನ ಕೊಡು.

ಅಪ್ಪ

*

ಜುಲೈ ೨

ಅಪ್ಪಾ,

ನಿನ್ನ ಕಾಗದ ಸೋಮವಾರ ಸಿಕ್ಕಿತು. ಅಂದರೆ ಶನಿವಾರ ಇಡೀ ಬೆಳಿಗ್ಗೆ ನಾನು ಗೇಟಿನ ಹತ್ತಿರ ನಿಂತಿದ್ದೆ. ಗೋಡೆಗೆ ಮಂಡಿಪಟ್ಟಿ ಇಲ್ಲವೆಂದು ಕೊಕ್ಕರೆಯದ್ದನ್ನು ಕೇಳಿ ಇಸಕೊಂಡಿದ್ದೆ. ಪ್ರತಿ ಬಸ್ಸು ನಿಂತಾಗಲೂ ಕಾವಲಿನವರು "ಇವಳೇನಮ್ಮಾ ನಿನ್ನ ಗೋಡೆ?" ಎಂದು ಕೇಳಿ ಕೇಳಿ, ಮಧ್ಯಾಹ್ನದ ಹೊತ್ತಿಗೆ ಅವರೇ ಕೇಳುವುದನ್ನು ಬಿಟ್ಟರು.

ಬಂದವರಲ್ಲಿ ಯಾರೂ ಮೇಡಂಗೆ ಹಿಡಿಸಲಿಲ್ಲ. ಜಾಗ ಇನ್ನೂ ಖಾಲಿಯಿದೆ, ತಿಂಗಳ ಕೊನೆಯವರೆಗೆ ನೋಡುತ್ತಾರಂತೆ. ನಿನ್ನ ಕಾಗದ ಓದಿ ನಾನು ಹೋಗಿ, ಅವಳು ಬರಲ್ಲ ಅಂದಳಂತೆ ಎಂದು ತಿಳಿಸಿದೆ. "ಮನಸ್ಸಿಲ್ಲದವರ ಮಾತು ಇನ್ನೊಂದ್ಸಲ ನನ್ನ ಹತ್ರ ತರಬೇಡ" ಅಂದರು. ಅಲ್ಲಿಗೆ ಮುಗಿಯಿತು.

ನನಗೆ ಅವಳ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಶಾಲೆಯ ವಿಳಾಸಕ್ಕೆ ಒಂದು ಕಾಗದ ಬರೆದೆ, ಬಾಯಿಗೆ ಬಂದದ್ದೆಲ್ಲ. ನಿನಗೆ ಹೆದರಿಕೆಯಾದರೆ ಹೆದರಿಕೆ ಅನ್ನು, ಲಾಂಡ್ರಿ ಅನ್ನಬೇಡ ಅಂತ. ಆಮೇಲೆ ಹರಿದು ಹಾಕಿದೆ. ಎರಡು ವರ್ಷ ನನಗೋಸ್ಕರ ಪೆಟ್ಟು ತಿಂದವಳು. ನಾನು ಒಂದು ದಿನ ಥ್ಯಾಂಕ್ಸ್ ಅಂದವಳಲ್ಲ, ಬೈಯಲು ನನಗೇನು ಹಕ್ಕು?

ನನಗೂ ಮೇಡಂ ತಿಂಗಳ ಕೊನೆಯವರೆಗೇ ಗಡುವು ಕೊಟ್ಟಿದ್ದಾರೆ. ಬೆನ್ನು ಈಗ ಸ್ವಲ್ಪ ಸ್ವಲ್ಪ ಹೇಳುತ್ತಿದೆ, ಹಿಂದೆ ಯಾರಿದ್ದಾರೆ ಅಂತ. ಆದರೆ ಬೆನ್ನಿನ ಕಡೆ ಮನಸ್ಸಿಟ್ಟರೆ ಚೆಂಡು ಮರೆತುಹೋಗುತ್ತದೆ.

ನೀನು ಯಾಕೆ ಅಷ್ಟು ಚಿಕ್ಕ ಕಾಗದ ಬರೆದೆ? ಹುಷಾರಿಲ್ಲವಾ?

ಜಿಂಕೆ

*

ಜುಲೈ ೧೮

ಮಗಳೇ,

ಇದನ್ನು ಕೊಕ್ಕರೆಯ ಕೈಗೆ ಕೊಡಬೇಡ. ಇದರಲ್ಲಿ ನಗುವಂಥದ್ದು ಏನೂ ಇಲ್ಲ. ಈ ಸಲ ಅಂಚೆಗೂ ಹಾಕುವುದಿಲ್ಲ, ಜೇಬಿನಲ್ಲೇ ತಂದು ಗೇಟಿನಲ್ಲಿ ನಿನ್ನ ಕೈಗೆ ಕೊಡುತ್ತೇನೆ. ಬಾಯಿ ತೆರೆದು ಹೇಳಲು ಹೋದರೆ ದನಿ ಏರಿಸಿ, ಕಣ್ಣು ಒರೆಸಿಕೊಂಡು, ನಿನ್ನಿಂದಲೇ ಸಮಾಧಾನ ಮಾಡಿಸಿಕೊಂಡುಬಿಡುತ್ತೇನೆ. ಆ ಕಲೆ ನನಗೆ ಚೆನ್ನಾಗಿ ಬರುತ್ತದೆ. ಅದಕ್ಕೇ ಬರವಣಿಗೆ.

ನಾನು ಗೋಡೆಗೆ ಹೇಳಲೇ ಇಲ್ಲ.

ಅವಳು ಬರುವುದಿಲ್ಲ ಎಂದಿಲ್ಲ. ಅವಳನ್ನು ಯಾರೂ ಕೇಳಿಲ್ಲ. ಲಾಂಡ್ರಿಯಲ್ಲಿ ಕೆಲಸ ಜಾಸ್ತಿ ಎಂಬುದು, ದೂರದ ಊರಿನ ಹೆದರಿಕೆ ಎಂಬುದು, ಎಲ್ಲ ನಾನು ಕೂತು ಹೊಸೆದ ಮಾತು. ಒಂದು ಪಾತ್ರ ಸೃಷ್ಟಿಸಿ ಅದರ ಮಾತನ್ನು ಅವಳ ಬಾಯಲ್ಲಿ ಇಟ್ಟೆ. ನೀನು ಅದನ್ನು ನಂಬಿ ಮೇಡಂಗೆ ಹೇಳಿದೆ, ಅವರು ಅವಳನ್ನು ಕಣ್ಣಲ್ಲಿ ನೋಡುವ ಮೊದಲೇ ತಳ್ಳಿಹಾಕಿದರು. ನನ್ನ ಸುಳ್ಳಿಗೆ ನಿನ್ನ ನಾಲಗೆ ಬಾಡಿಗೆಗೆ ಹೋಯಿತು.

ನಿನ್ನ ಕಾಗದ ಬಂದ ಮರುದಿನವೇ ಹೇಳಬೇಕೆಂದು ಅಂಗಳಕ್ಕೆ ಹೋಗಿದ್ದೆ. ಅವಳು ಗುಡಿಸುತ್ತಿದ್ದಳು. "ಇವತ್ತು ಏನ್ ಆಡ್ಸ್ತೀರ ಸಾರ್?" ಅಂದಳು. ನಾಳೆ ಹೇಳಿದರಾಯಿತು ಎಂದುಕೊಂಡೆ. ಮರುದಿನ, ಪರೀಕ್ಷೆ ಇದೆಯಲ್ಲ, ಮುಗಿಯಲಿ ಎಂದುಕೊಂಡೆ. ಒಂದೊಂದು ದಿನಕ್ಕೆ ಒಂದೊಂದು ನೆಪ ಎದ್ದು ನಿಂತು ನನಗೆ ಸಲಾಮು ಹೊಡೆಯಿತು. ಒಳಗಿದ್ದ ಮಾತು ಒಂದೇ: ಅವಳು ಬಂದರೆ ನನ್ನ ಮಗಳ ಜಾಗ ಹೋಗುತ್ತದೆ.

ಹೋದ ವಾರ ಪಕ್ಕದ ಶಾಲೆಯವರೊಡನೆ ಒಂದು ಸ್ನೇಹದ ಪಂದ್ಯ ಇಟ್ಟಿದ್ದೆ. ನೀನಿಲ್ಲದ ತಂಡದ ಮೊದಲ ಪಂದ್ಯ. ಎದುರಾಳಿಯ ಎಸೆತ ತಪ್ಪಿತು. ಗೋಡೆ ಅವರ ಎತ್ತರದ ಹುಡುಗಿಗೆ ಬೆನ್ನು ಕೊಟ್ಟು ಹಿಡಿದಳು, ಅವಳು ಅಲುಗಾಡಲಿಲ್ಲ. ಚೆಂಡು ಗೋಡೆಯ ಎದೆಯ ಮುಂದೆಯೇ ಇಳಿದು ಬಂತು. ಕೈ ಚಾಚಿದರೆ ಸಾಕು. ಅವಳು ಕೈ ಚಾಚಲಿಲ್ಲ. ಚೆಂಡು ನೆಲಕ್ಕೆ ಬಿದ್ದು ಪುಟಿಯಿತು, ಅವರ ಪುಟ್ಟ ಹುಡುಗಿಯೊಬ್ಬಳು ಬಂದು ಎತ್ತಿಕೊಂಡು ಬುಟ್ಟಿಗೆ ಹಾಕಿದಳು. ಮತ್ತೆ ಹಾಗೆಯೇ ಆಯಿತು. ಮತ್ತೂ. ಬೆಂಚಿನ ಹತ್ತಿರ ನಿಂತಿದ್ದ ಪೋಷಕರು ಮುಸಿಮುಸಿ ನಗತೊಡಗಿದರು. ಯಾರೋ ಒಬ್ಬರು, ಹೆಸರಿಗೆ ತಕ್ಕ ಹಾಗೇ ಇದ್ದಾಳಲ್ಲ ಎಂದದ್ದು ನನ್ನ ಕಿವಿಗೆ ಬಿತ್ತು.

ನಾನು ಗೆರೆಯ ಹೊರಗಿನಿಂದ ನನ್ನ ಆ ಹಾಳು ದನಿಯಲ್ಲಿ ಗುಡುಗಿದೆ, ಚೆಂಡು ಹಿಡಿಯೇ ಎಂದು. ಅವಳು ಆ ಹುಡುಗಿಯನ್ನು ಬೆನ್ನಿನಲ್ಲಿ ಹಿಡಿದುಕೊಂಡೇ ಕತ್ತು ಮಾತ್ರ ನನ್ನ ಕಡೆ ತಿರುಗಿಸಿದಳು.

"ನಾನು ಹಿಡೀಬಹುದಾ ಸಾರ್?"

ವ್ಯಂಗ್ಯವಲ್ಲ ಮಗಳೇ. ಅವಳಿಗೆ ವ್ಯಂಗ್ಯ ಬರುವುದಿಲ್ಲ. ನಿಜವಾಗಿ ಅಪ್ಪಣೆ ಕೇಳಿದಳು.

ನನಗೆ ಗೊತ್ತಿತ್ತೇ ಎಂದು ನೀನು ಕೇಳಿದ್ದೆ. ನಾನು ಬೀಗದ ಕಥೆ ಹೇಳಿ ನಗಿಸಿದೆ. ಗೊತ್ತಿತ್ತು. ಮೊದಮೊದಲು ನಿಮ್ಮಿಬ್ಬರಿಗೂ ಎರಡನ್ನೂ ಕಲಿಸಿದ್ದೆ, ತಡೆಯುವುದು, ಹಿಡಿಯುವುದು. ಆಮೇಲೆ ಒಂದು ಪಂದ್ಯದಲ್ಲಿ ಆಯ್ಕೆಗಾರರ ಸಾಲಿನ ಹಿಂದೆ ಕೂತಿದ್ದೆ. ತಡೆದು ನಿಂತವಳನ್ನು ಯಾರೂ ನೋಡಲಿಲ್ಲ. ಚೆಂಡಿನೊಂದಿಗೆ ಕೆಳಗಿಳಿದವಳ ಕಡೆಗೇ ಎಲ್ಲರ ಬೆರಳು ಹೋಯಿತು. ಮರುದಿನ ಅಂಗಳದಲ್ಲಿ ಗೋಡೆಯನ್ನು ಕರೆದು, "ನೀನು ಮೇಲೆ ನೋಡಬೇಡ, ಚೆಂಡು ನಿನ್ನ ಚಿಂತೆಯಲ್ಲ" ಅಂದೆ. ನಿನ್ನನ್ನು ಕರೆದು, ನೀನು ಹಿಂದೆ ನೋಡಬೇಡ ಅಂದೆ. ತಂಡ ಗೆಲ್ಲುತ್ತ ಹೋಯಿತು. ಗೆಲ್ಲುತ್ತಿರುವಾಗ ಯಾರು ತಾನೇ ಕೋಚನ್ನು ಪ್ರಶ್ನೆ ಮಾಡುತ್ತಾರೆ? ನಾನೂ ಮಾಡಿಕೊಳ್ಳಲಿಲ್ಲ. ತಂಡಕ್ಕಾಗಿ ಎಂದು ಹೇಳಿಕೊಂಡೆ. ಒಂದು ಆಟವನ್ನು ನಡುವೆ ಸೀಳಿ, ಕಾಣಿಸುವ ಅರ್ಧವನ್ನು ನನ್ನ ಮಗಳಿಗೆ ಕೊಟ್ಟೆ, ಕಾಣಿಸದ ಅರ್ಧವನ್ನು ಇನ್ನೊಬ್ಬರ ಮಗಳಿಗೆ. ಈಗ ಅಲ್ಲಿ ನೀನು ಬೀಳುತ್ತಿದ್ದೀಯ, ಇಲ್ಲಿ ಅವಳು ಚೆಂಡನ್ನು ನೋಡುತ್ತ ನಿಂತಿದ್ದಾಳೆ. ಇಬ್ಬರನ್ನೂ ಕೆಡಿಸಿದ್ದು ಒಬ್ಬನೇ ಕೋಚು.

ಪಂದ್ಯ ಮುಗಿದ ಮೇಲೆ ಅವಳು ಚೆಂಡುಗಳನ್ನೆಲ್ಲ ಬಲೆಚೀಲಕ್ಕೆ ತುಂಬುತ್ತಿದ್ದಳು. ನಾನು ಸೋತದ್ದಕ್ಕೆ ಏನೋ ಸಮಾಧಾನ ಹೇಳಲು ಹತ್ತಿರ ಹೋದೆ. ಅವಳು ಚೀಲದ ಬಾಯಿ ಕಟ್ಟುತ್ತ, ಜಿಂಕೆ ಕಾಗದ ಬರೆಯುತ್ತಾಳಾ ಎಂದು ಕೇಳಿದಳು. ಬರೆಯುತ್ತಾಳೆ ಅಂದೆ.

"ನನ್ನ ವಿಷಯ ಏನಾದ್ರೂ ಕೇಳ್ತಾಳಾ ಸಾರ್?"

ಕೇಳ್ತಾಳೆ ಅಂದೆ. ಅವಳ ಮುಖ ಅರಳಿದ್ದನ್ನು ನಾನು ಹೇಗೆ ಬರೆಯಲಿ? ಚೀಲ ಹೆಗಲಿಗೆ ಹಾಕಿಕೊಂಡು ಸಾಮಾನಿನ ಕೋಣೆಗೆ ಓಡಿದಳು, ಸೋತ ತಂಡದವಳೆಂದು ಯಾರೂ ಹೇಳುವಂತಿರಲಿಲ್ಲ. ನೀನು ಏನು ಕೇಳಿದ್ದೆ ಎಂದು ಹೇಳುವುದಕ್ಕೆ ಆ ಗಳಿಗೆಗಿಂತ ಒಳ್ಳೆಯ ಗಳಿಗೆ ಬೇಕಿತ್ತೇ? ಆಗಲೂ ಹೇಳಲಿಲ್ಲ. ಇಷ್ಟು ದೊಡ್ಡ ದನಿ ಇಟ್ಟುಕೊಂಡವನು.

ಇವತ್ತು ಸಂಜೆ ನಿಮ್ಮಮ್ಮ ತಟ್ಟೆ ತೊಳೆಯುತ್ತಿದ್ದಳು, ನಾನು ಒರೆಸುತ್ತಿದ್ದೆ. ನಿನ್ನ ಜುಲೈ ಕಾಗದಕ್ಕೆ ಉತ್ತರ ಬರೆದಾಯಿತೇ ಎಂದು ಕೇಳಿದಳು. ಇಲ್ಲ ಅಂದೆ. ನಲ್ಲಿ ನಿಲ್ಲಿಸಿದಳು.

"ಆ ಹುಡುಗಿಗೆ ನೀವು ಹೇಳಲೇ ಇಲ್ಲ, ಅಲ್ವಾ?"

"ಇಲ್ಲ."

"ನನಗೂ ಅನ್ನಿಸಿತ್ತು ರೀ. ನಾನೂ ಕೇಳದೆ ಇದ್ದೆ."

ಮತ್ತೆ ನಲ್ಲಿ ತಿರುಗಿಸಿದಳು. ಅವಳು ಬೈದಿದ್ದರೆ ನಾನು ಎದುರು ಮಾತಾಡಿ, ಎರಡು ತಟ್ಟೆ ಸದ್ದು ಮಾಡಿ ಇಟ್ಟು, ಹಗುರಾಗುತ್ತಿದ್ದೆ. ಬೈಯಲಿಲ್ಲ. ಕೈ ಒರೆಸಿಕೊಂಡು ಹೋಗಿ, ನನ್ನ ಒಳ್ಳೆಯ ಅಂಗಿಗೆ ಇಸ್ತ್ರಿ ಹಾಕತೊಡಗಿದಳು. ಎಲ್ಲಿಗೆ ಹೋಗಬೇಕೆಂದು ನನಗಿಂತ ಮೊದಲೇ ಅವಳಿಗೆ ತಿಳಿದಿತ್ತು.

ನಿನ್ನ ಹತ್ತಿರ ಕ್ಷಮೆ ಕೇಳುವುದಿಲ್ಲ. ಕೇಳಿದರೆ ನೀನು ಕೊಟ್ಟುಬಿಡುತ್ತೀ. ನಿನ್ನ ಮೇಡಂ ಹತ್ತಿರ ನಿನ್ನನ್ನು ಉಳಿಸಿಕೊಳ್ಳಿ ಎಂದೂ ಕೇಳುವುದಿಲ್ಲ, ಇದನ್ನು ನೀನು ಮೊದಲೇ ತಿಳಿದಿರಬೇಕು. ಅವಳನ್ನು ನೋಡಿದ ಮೇಲೆ ಅವರು ನಿನ್ನನ್ನು ಮನೆಗೆ ಕಳಿಸಿದರೂ ಕಳಿಸಬಹುದು. ಹಾಗಾದರೆ ನೀನು ನನ್ನ ಮೇಲೆ ಸಿಟ್ಟಾಗು, ಅವಳ ಮೇಲಲ್ಲ.

ನಾಳೆ ಬೆಳಿಗ್ಗೆ ಲಾಂಡ್ರಿಯ ಬಾಗಿಲು ತೆಗೆಯುವ ಹೊತ್ತಿಗೆ ನಾನು ಅಲ್ಲಿರುತ್ತೇನೆ. ಅವಳ ಅಮ್ಮನ ಎದುರೇ ಅವಳಿಗೆ ಹೇಳುತ್ತೇನೆ, ನೀನು ಕರೆದದ್ದು, ನಾನು ಮುಚ್ಚಿಟ್ಟದ್ದು, ಅವಳ ಬಾಯಲ್ಲಿ ನಾನಿಟ್ಟ ಮಾತು. ಅವರು ಹೊರಗೆ ಹೋಗು ಎಂದರೆ ಹೊರಗೆ ಬಂದು ಬೀದಿಯಲ್ಲಿ ನಿಲ್ಲುತ್ತೇನೆ. ಅವಳು ಬರುತ್ತೇನೆ ಎಂದರೆ ಇಬ್ಬರಿಗೂ ಟಿಕೆಟ್ ತೆಗೆದು, ಬಸ್ಸಿನಿಂದ ಇಳಿದ ಮೇಲೆ ಬೂಟಿನ ದಾರ ಕಟ್ಟಿಕೊಳ್ಳುವಷ್ಟು ಹೊತ್ತು ಅವಳಿಗೆ ಕೊಟ್ಟು, ಅವಳಿಗಿಂತ ಮೊದಲು ನಾನು ಮೇಡಂ ಕೋಣೆಗೆ ಹೋಗಿ, ಸುಳ್ಳು ನನ್ನದೆಂದು ಹೇಳುತ್ತೇನೆ. ಬರಲ್ಲ ಎಂದರೆ, ಈ ಸಲ ಅದು ಅವಳೇ ಹೇಳಿದ ಮಾತಾಗಿರುತ್ತದೆ. ಆಗಲೂ ಬೆಳಗಿನ ಬಸ್ಸಿಗೇ ಹತ್ತುತ್ತೇನೆ, ಒಬ್ಬನೇ.

ಅಪ್ಪ